ಕಾಂಗ್ರೆಸ್ ಗಿಡವನ್ನು ತಿನ್ನಲು ಬಂದ ಮೆಕ್ಸಿಕೋ ಜೀರುಂಡೆ

ಗೆಣಸಿನ ಬಳ್ಳಿಯ ಎಲೆಯನ್ನು ಮೆಲ್ಲಗೆ ತಿರುಗಿಸಿ ನೋಡಿದರೆ ಕೆಲವೊಮ್ಮೆ ಚಿನ್ನದ ಹನಿಯಂಥ ಪುಟ್ಟ ಹುಳು ಕಾಣಸಿಗುತ್ತದೆ. ಅದು ಎಲೆ ಜೀರುಂಡೆಗಳ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದಲ್ಲಿ ವಿಜ್ಞಾನಿಗಳು ಈವರೆಗೆ ಗುರುತಿಸಿರುವ ಜಾತಿಗಳೇ 35,000ಕ್ಕೂ ಹೆಚ್ಚು. ಹಸಿರು, ನೀಲಿ, ತಾಮ್ರ, ಕೆಂಪು, ಬಣ್ಣಗಳಿಗೆ ಬರವಿಲ್ಲ. ಆ ಚಿನ್ನದ ಹೊಳಪು ಮಾತ್ರ ಬಣ್ಣದಿಂದ ಬಂದದ್ದಲ್ಲ. ಮೈಚಿಪ್ಪಿನ ತೆಳುವಾದ ಪದರಗಳಲ್ಲಿ ತೇವವಿರುವಾಗ ಬೆಳಕು ಹಾಗೆ ಪ್ರತಿಫಲಿಸುತ್ತದೆ. ಹುಳು ಸತ್ತು ಒಣಗಿದರೆ ಚಿನ್ನವೂ ಮಾಯ!

ಎಲೆ ಜೀರುಂಡೆಗಳಲ್ಲಿ ಬಹಳಷ್ಟು ಊಟದ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು. ಗಿಡಗಳು ತಮ್ಮ ರಕ್ಷಣೆಗೆ ಎಲೆಯಲ್ಲಿ ವಿಷ ತುಂಬಿಕೊಳ್ಳುತ್ತವೆ. ಒಂದು ಗಿಡದ ವಿಷವನ್ನು ಅರಗಿಸಿಕೊಳ್ಳಲು ಕಲಿತ ಹುಳು ಆ ಗಿಡಕ್ಕೇ, ಇಲ್ಲವೇ ಅದರ ಹತ್ತಿರದ ನೆಂಟರಿಗೇ ಅಂಟಿಕೊಳ್ಳುತ್ತದೆ. ಈ ಗುಣವೇ ಕರ್ನಾಟಕಕ್ಕೆ ಉಪಯೋಗಕ್ಕೆ ಬಂತು.

ರಜೆಗೆ ಊರಿಗೆ ಹೋದಾಗ ಖಾಲಿ ಸೈಟುಗಳಲ್ಲಿ, ರಸ್ತೆ ಬದಿಯಲ್ಲಿ ಸಣ್ಣ ಬಿಳಿ ಹೂಗಳ ಗಿಡವನ್ನು ನೀವು ನೋಡಿರಬಹುದು. ಅದೇ ಪಾರ್ಥೇನಿಯಂ, ನಮ್ಮವರ ಬಾಯಲ್ಲಿ ಕಾಂಗ್ರೆಸ್ ಗಿಡ. ಅಮೆರಿಕ ಖಂಡದ ಈ ಕಳೆ 1950ರ ದಶಕದಲ್ಲಿ ಪುಣೆಯಲ್ಲಿ ಕಂಡುಬಂದು, ಮುಂದೆ ದೇಶವನ್ನೆಲ್ಲ ಆವರಿಸಿತು. ಇದರಿಂದ ಹಲವರಿಗೆ ಚರ್ಮದ ತುರಿಕೆ, ಉಬ್ಬಸ. ಬೀಜ ಬಂತು, ಅದನ್ನು ತಿನ್ನುವ ಹುಳುಗಳು ಮಾತ್ರ ತವರಿನಲ್ಲೇ ಉಳಿದವು.

ಹಾಗಾಗಿ ವಿಜ್ಞಾನಿಗಳು ಮೆಕ್ಸಿಕೋದಿಂದ ಜೈಗೋಗ್ರಾಮಾ ಎಂಬ ಎಲೆ ಜೀರುಂಡೆಯನ್ನು ಬೆಂಗಳೂರಿಗೆ ತಂದರು. ತಿಳಿ ಹಳದಿ ಬೆನ್ನು, ಅದರ ಮೇಲೆ ಕಂದು ಪಟ್ಟೆಗಳು. ಬೆಳೆಗಳಿಗೆ ತೊಂದರೆ ಕೊಡುತ್ತದೆಯೇ ಎಂದು ಪರೀಕ್ಷಿಸಿ, 1984ರಲ್ಲಿ ಹೊರಗೆ ಬಿಟ್ಟರು. ಮರಿಹುಳುವೂ ದೊಡ್ಡ ಹುಳುವೂ ಎಲೆ ತಿನ್ನುತ್ತವೆ. ಗಿಡ ಬೋಳಾದರೆ ಹೂವೂ ಕಡಿಮೆ.

ಆದರೆ 1990ರ ದಶಕದ ಆರಂಭದಲ್ಲಿ ಈ ಹುಳುಗಳು ಸೂರ್ಯಕಾಂತಿ ಎಲೆಯ ಮೇಲೂ ಕಂಡವು. ರೈತರು ಗಾಬರಿಯಾದರು. ಅವರ ಭಯ ಸಹಜವೇ, ಏಕೆಂದರೆ ಪಾರ್ಥೇನಿಯಂ ಮತ್ತು ಸೂರ್ಯಕಾಂತಿ ಒಂದೇ ಕುಟುಂಬದ ಗಿಡಗಳು. ಒಮ್ಮೆ ಹಾರಿಬಿಟ್ಟ ಹುಳುವನ್ನು ವಾಪಸ್ ಕರೆಯಲೂ ಆಗದು. ಸರ್ಕಾರ ತನಿಖೆಗೆ ಸಮಿತಿ ನೇಮಿಸಿತು. ಪಾರ್ಥೇನಿಯಂ ಪರಾಗ ಉದುರಿದ್ದ ಎಲೆಗಳತ್ತ ಹುಳುಗಳು ಸೆಳೆಯಲ್ಪಟ್ಟಿದ್ದವು ಎಂಬುದು ಅಧ್ಯಯನಗಳಿಂದ ತಿಳಿಯಿತು. ಅವು ಸೂರ್ಯಕಾಂತಿಯ ಪೀಡೆಯಾಗಿ ನೆಲೆಯೂರಲಿಲ್ಲ.

ಕಳೆ ಇನ್ನೂ ಸೋತಿಲ್ಲ. ಬೇಸಿಗೆಯಲ್ಲಿ ಜೀರುಂಡೆ ಮಣ್ಣೊಳಗೆ ಮಲಗಿ, ಮಳೆ ಬಂದಾಗ ಏಳುತ್ತದೆ. ತೇವ ಸಿಕ್ಕಲ್ಲೆಲ್ಲ ಪಾರ್ಥೇನಿಯಂ ವರ್ಷವಿಡೀ ಬೆಳೆಯುತ್ತದೆ. ಮಳೆಗಾಲದಲ್ಲಿ ಊರಿಗೆ ಹೋದರೆ ಆ ಪಟ್ಟೆ ಹುಳುವನ್ನು ಹುಡುಕಿ ನೋಡಿ. ಮರಳುವಾಗ ವಿಮಾನ ನಿಲ್ದಾಣದಲ್ಲಿ "ಬೀಜ, ಗಿಡ ತಂದಿದ್ದೀರಾ?" ಎಂದು ಕೇಳಿದರೆ ಬೇಸರಿಸಬೇಡಿ. ಆ ಪ್ರಶ್ನೆ ಏಕೆಂದು ಈಗ ನಿಮಗೆ ಗೊತ್ತು.