ಎಡಿಎಚ್‌ಡಿ ತಪಾಸಣೆ ಹೇಗೆ ನಡೆಯುತ್ತದೆ, ಎಷ್ಟು ದಿನ ಹಿಡಿಯುತ್ತದೆ?

ಎಡಿಎಚ್‌ಡಿ (ಗಮನಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಇದೆಯೆಂದು ಹೇಳಬಲ್ಲ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ತಪಾಸಣೆ ನಿಂತಿರುವುದು ಮಾತುಕತೆ, ಹಲವರಿಂದ ಕಲೆಹಾಕಿದ ಮಾಹಿತಿಯ ಮೇಲೆ. ಹಾಗಾಗಿ ಒಂದೇ ಭೇಟಿಯಲ್ಲಿ ಮುಗಿಯುವುದು ಅಪರೂಪ.

ಮನೋವೈದ್ಯರು ಮೊದಲು ತಂದೆತಾಯಿಯಿಂದ ಮಗುವಿನ ಹುಟ್ಟು, ಬೆಳವಣಿಗೆ, ನಿದ್ದೆಯ ವಿವರ ಕೇಳುತ್ತಾರೆ. ಆಮೇಲೆ ವ್ಯಾಂಡರ್‌ಬಿಲ್ಟ್ ಅಥವಾ ಕಾನರ್ಸ್‌ನಂಥ ಪ್ರಶ್ನಾವಳಿ ಮನೆಗೂ ಶಾಲೆಗೂ ಹೋಗುತ್ತದೆ. ಶಿಕ್ಷಕರು ತುಂಬಿ ಕಳಿಸುವಷ್ಟರಲ್ಲಿ ವಾರಗಳು ಉರುಳುವುದುಂಟು. ಹಳೆಯ ಶಾಲಾ ಡೈರಿಗೆ ಇಲ್ಲಿ ಬಹಳ ಬೆಲೆಯಿದೆ. 'ಇವತ್ತೂ ಪುಸ್ತಕ ತಂದಿಲ್ಲ', 'ಲೆಕ್ಕ ಅರ್ಧಕ್ಕೇ ಬಿಟ್ಟಿದ್ದಾನೆ' ಎಂಬ ಕೆಂಪು ಶಾಯಿಯ ಸಾಲುಗಳು ತಿಂಗಳುಗಟ್ಟಲೆ ಮರುಕಳಿಸಿದ್ದರೆ ಅದು ಒಳ್ಳೆಯ ಸುಳಿವು. ವೈದ್ಯರ ಕೋಣೆಯಲ್ಲಿ ಮಗು ಹತ್ತು ನಿಮಿಷ ಸುಮ್ಮನೆ ಕೂತಿತೆಂದು ತೊಂದರೆಯೇ ಇಲ್ಲ ಎನ್ನಲಾಗದು. ಹೊಸ ಜಾಗದಲ್ಲಿ ಅದು ಸಹಜ.

ಮಾನಸಿಕ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ 2013ರ ಡಿಎಸ್ಎಮ್-5 ಕೈಪಿಡಿಯ ಪ್ರಕಾರ ಕೆಲವು ಲಕ್ಷಣಗಳಾದರೂ 12 ವರ್ಷಕ್ಕೆ ಮುಂಚೆ ಕಾಣಿಸಿರಬೇಕು, 6 ತಿಂಗಳಾದರೂ ಉಳಿದಿರಬೇಕು, ಮನೆ-ಶಾಲೆಯಂಥ ಎರಡು ಕಡೆಯಾದರೂ ಕಂಡಿರಬೇಕು. ಗಮನಕೊರತೆಯ 9 ಲಕ್ಷಣಗಳಲ್ಲೋ ಅತಿಚಟುವಟಿಕೆಯ 9ರಲ್ಲೋ ಮಕ್ಕಳಿಗೆ 6 ಹೊಂದಬೇಕು, 17 ತುಂಬಿದವರಿಗೆ 5 ಸಾಕು. ವಯಸ್ಕರ ತಪಾಸಣೆಯಲ್ಲಿ ಬಾಲ್ಯ ಬಲ್ಲ ಅಮ್ಮನೋ ಅಕ್ಕನೋ ಜೊತೆಗಿದ್ದರೆ ಅನುಕೂಲ.

ಕಿವಿ ಮಂದವಿದ್ದರೂ ನಿದ್ದೆಗೆಟ್ಟರೂ ಆತಂಕವಿದ್ದರೂ ಮಗು ಹೀಗೇ ಕಾಣಬಹುದು. ಅವನ್ನೂ ಪರಿಶೀಲಿಸದೆ ಅವಸರದ ನಿರ್ಧಾರ ಸಲ್ಲದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕ್ಕೇ ಪ್ರತ್ಯೇಕ ವಿಭಾಗವಿದೆ. ಎಲ್ಲಿಗೇ ಹೋದರೂ ಅಂಕಪಟ್ಟಿ, ಡೈರಿ ಮರೆಯದೆ ಒಯ್ಯಬೇಕು.