ಲಿಯರ್ ದೊರೆಯ ಉನ್ಮಾದ ಮತ್ತು ವಿವೇಕ

ಷೇಕ್ಸ್‌ಪಿಯರನ ‘ಲಿಯರ್ ದೊರೆ’ ನಾಟಕವನ್ನು ಪಾಠ ಹೇಳುವಾಗ, ಹುಚ್ಚು ಹಿಡಿದ ಮೇಲೆಯೇ ದೊರೆಗೆ ಜ್ಞಾನೋದಯವಾಯಿತೆಂದು ನಾವು ಸಾಮಾನ್ಯವಾಗಿ ಹೇಳಿಬಿಡುತ್ತೇವೆ. ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಅದು ಪೂರ್ಣಸತ್ಯವಲ್ಲ. ಉನ್ಮಾದವು ಲಿಯರನಿಗೆ ಕೊಟ್ಟುದೇನು, ಕೊಡಲಾರದೆ ಹೋದುದೇನು ಎಂಬುದನ್ನು ನಾಟಕದ ಕ್ರಮವನ್ನನುಸರಿಸಿ ವಿವೇಚಿಸೋಣ.

ಮೊದಲನೆಯ ಅಂಕದಲ್ಲಿ ಲಿಯರ್ ಸ್ವಸ್ಥಚಿತ್ತನೇ ಹೌದು, ವಿವೇಕಿಯಲ್ಲ. ಪ್ರೀತಿಯನ್ನು ಮಾತಿನಿಂದ ಅಳೆದು ರಾಜ್ಯವನ್ನು ಹಂಚುತ್ತಾನೆ. ನಿಜವನ್ನಾಡಿದ ಕಾರ್ಡೀಲಿಯಳನ್ನು ತ್ಯಜಿಸುತ್ತಾನೆ. ಅವಳ ಪರವಾಗಿ ನುಡಿದ ಕೆಂಟನನ್ನು ಗಡಿಪಾರು ಮಾಡುತ್ತಾನೆ. ಅವನ ತಪ್ಪನ್ನು ವಿದೂಷಕನು ಹಾಸ್ಯದ ಮರೆಯಲ್ಲಿ ಮತ್ತೆ ಮತ್ತೆ ತೋರಿಸಿದರೂ ಆ ಮಾತು ಕಿವಿಗೆ ಬೀಳುತ್ತದೆಯೇ ಹೊರತು ಮನಸ್ಸಿಗೆ ಇಳಿಯುವುದಿಲ್ಲ.

ಮೂರನೆಯ ಅಂಕದ ನಾಲ್ಕನೆಯ ದೃಶ್ಯದಲ್ಲಿ, ಬಿರುಗಾಳಿಯ ನಡುವೆ ಗುಡಿಸಲಿನ ಬಾಗಿಲಲ್ಲಿ ನಿಂತು, ಲಿಯರನು ಸೂರಿಲ್ಲದ ಬಡವರನ್ನು ನೆನೆಯುತ್ತಾನೆ. ಆಳುವವನಾಗಿ ತಾನು ಅವರನ್ನು ಕಡೆಗಣಿಸಿದೆನೆಂದು ಪರಿತಪಿಸುತ್ತಾನೆ. ಇಲ್ಲೊಂದು ಅಂಶವನ್ನು ಗಮನಿಸಬೇಕು. ಹುಚ್ಚನಂತೆ ನಟಿಸುವ ಎಡ್ಗರನು ಗುಡಿಸಲಿನಿಂದ ಹೊರಬರುವುದು, ಅವನನ್ನು ಕಂಡು ಲಿಯರನು ಉಟ್ಟ ಬಟ್ಟೆಯನ್ನು ಕಿತ್ತೆಸೆಯಹೊರಡುವುದು, ಇವೆರಡೂ ಈ ಪರಿತಾಪದ ಅನಂತರವೇ. ಆದುದರಿಂದ ಕರುಣೆಯ ಮೊಳಕೆಗೆ ಕಾರಣ ಕಷ್ಟಾನುಭವ, ಬುದ್ಧಿಭ್ರಮಣೆಯಲ್ಲ.

ಹಾಗಾದರೆ ಉನ್ಮಾದದ ಕಾಣಿಕೆ ಯಾವುದು? ನಾಲ್ಕನೆಯ ಅಂಕದ ಆರನೆಯ ದೃಶ್ಯದಲ್ಲಿ, ಡೋವರಿನ ಬಳಿ, ಕಾಡುಹೂಗಳನ್ನು ಮುಡಿದ ಲಿಯರನು ಕುರುಡನಾದ ಗ್ಲಾಸ್ಟರನನ್ನು ಎದುರುಗೊಳ್ಳುತ್ತಾನೆ. ನ್ಯಾಯಾಧೀಶನಿಗೂ ಕಳ್ಳನಿಗೂ ಸ್ಥಾನವೊಂದನ್ನುಳಿದು ಭೇದವಿಲ್ಲ, ಸಿರಿವಂತನ ಉಡುಪು ಅವನ ಪಾಪವನ್ನು ಮುಚ್ಚುತ್ತದೆ ಎಂಬ ಕಟುಸತ್ಯಗಳು ಅವನ ಬಾಯಿಂದ ಹೊರಡುತ್ತವೆ. ನ್ಯಾಯದ ಈ ಚಿಂತೆ ನಾಟಕದ ಎರಡು ಪಾಠಗಳಲ್ಲಿಯೂ ಇದೆ. ಹೆಣ್ಣುಮಕ್ಕಳನ್ನು ವಿಚಾರಣೆಗೆ ಗುರಿಮಾಡುವ ಭ್ರಾಂತಿಯ ಪ್ರಸಂಗ 1608ರ ಕ್ವಾರ್ಟೊ ಮುದ್ರಣದಲ್ಲಿದ್ದು 1623ರ ಫೋಲಿಯೊದಲ್ಲಿಲ್ಲ. ಹೊನ್ನಿನ ಕವಚ ತೊಟ್ಟ ಪಾಪವನ್ನು ಕುರಿತ ಮಾತುಗಳು ಫೋಲಿಯೊದಲ್ಲಿದ್ದು ಕ್ವಾರ್ಟೊದಲ್ಲಿಲ್ಲ.

ಆದರೆ ಈ ದರ್ಶನಕ್ಕೆ ನೆಲೆಯಿಲ್ಲ. ಅದೇ ದೃಶ್ಯದಲ್ಲಿ ಲಿಯರನು ಸ್ತ್ರೀಕುಲವನ್ನೇ ಹಳಿಯುತ್ತಾನೆ. ಅಳಿಯಂದಿರನ್ನು ಕೊಲ್ಲಬೇಕೆಂದು ಅಬ್ಬರಿಸುತ್ತಾನೆ. ಲೋಕದ ಮುಖವಾಡವನ್ನು ಕಳಚಬಲ್ಲ ಉನ್ಮಾದಕ್ಕೆ ಕ್ಷಮೆಯನ್ನು ಕಲಿಸುವ ಶಕ್ತಿಯಿಲ್ಲ.

ಆ ಪಾಠ ದೊರೆಯುವುದು ಮುಂದಿನ ದೃಶ್ಯದಲ್ಲಿ. ನಿದ್ರೆಯಿಂದ ಎಚ್ಚತ್ತ ಲಿಯರನ ರೋಷವೆಲ್ಲ ಇಳಿದಿದೆ. ತಾನು ಮುಪ್ಪಿನವನು, ಅವಿವೇಕಿ, ತನ್ನ ಬುದ್ಧಿ ನೆಟ್ಟಗಿದೆಯೆಂಬ ಭರವಸೆಯೂ ತನಗಿಲ್ಲ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಮಗಳ ಮುಂದೆ ಮಂಡಿಯೂರಲು ಹವಣಿಸುತ್ತಾನೆ. ಅವಳ ಕ್ಷಮೆಯನ್ನು ಬೇಡುತ್ತಾನೆ. ಹಿಂದೆ ಲೋಕದ ದೋಷವನ್ನು ಕಂಡವನು ಈಗ ತನ್ನ ದೋಷವನ್ನು ಕಾಣುತ್ತಾನೆ. ವಿವೇಕವೆಂಬ ಹೆಸರು ಸಲ್ಲುವುದು ಇದಕ್ಕೇ. ಈ ವಿವೇಕವೂ ಕಾರ್ಡೀಲಿಯಳನ್ನು ಉಳಿಸಲಾರದೆಂಬುದು ನಾಟಕದ ಘೋರ ಸತ್ಯ.

ಉನ್ಮಾದವು ಲಿಯರನ ಅಹಂಕಾರವನ್ನು ಕೆಡವಿತು. ಬಯಲಾದ ಆ ನೆಲದಲ್ಲಿ ಅವನನ್ನು ಮತ್ತೆ ಮನುಷ್ಯನನ್ನಾಗಿ ನಿಲ್ಲಿಸಿದುದು ಮಗಳ ವಾತ್ಸಲ್ಯ. ಉನ್ಮಾದವನ್ನೇ ಜ್ಞಾನವೆಂದು ನಾವು ಕೊಂಡಾಡಿದರೆ, ತನಗೆ ಹುಚ್ಚು ಹಿಡಿಯದಿರಲೆಂದು ದೈವವನ್ನು ಬೇಡಿಕೊಂಡ ಆ ಮುದುಕನ ಸಂಕಟವನ್ನು ಮರೆತಂತಾಗುತ್ತದೆ.