ಪುಟ್ಟ ವಿಮಾನದ ಕೊನೆಯ ಕೋಟು

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಹೊತ್ತು ತಂದು ಜುಹೂವಿನಲ್ಲಿ ಇಳಿಸಿದ ಪಸ್ ಮಾತ್ ವಿಮಾನದ್ದು ಬಟ್ಟೆಯ ಮೈ. ಉಕ್ಕಿನ ಕೊಳವೆಗಳ ಒಡಲಿಗೂ ಮರದ ರೆಕ್ಕೆಗಳಿಗೂ ಬಟ್ಟೆ ಹೊದಿಸಿ, ಮೇಲೆ ‘ಡೋಪ್’ ಬಳಿಯುವ ಕಾಲವದು. ಡೋಪ್ ಎಂದರೆ ಒಣಗುತ್ತಲೇ ಬಟ್ಟೆಯನ್ನು ಬಿಗಿದು, ಗಾಳಿ ನುಸುಳದಂತೆ ಮಾಡುವ ಸೆಲ್ಯುಲೋಸ್ ಲೇಪ. ಬಾಲ್ಸಾ ಕಡ್ಡಿಗಳ ಮೇಲೆ ಟಿಶ್ಯೂ ಕಾಗದ ಅಂಟಿಸಿ ಮಾದರಿ ವಿಮಾನ ಕಟ್ಟುವವರು ಇಂದಿಗೂ ಇದನ್ನೇ ಬಳಿಯುತ್ತಾರೆ.

ಮುಂಬೈಯಲ್ಲಿ ಈ ಕಲೆಗೆ ಎರಡು ಕವಲು. ಎನ್‌ಸಿಸಿ ವಾಯುದಳದ ಕೆಡೆಟ್‌ಗಳು, ಪೊವಾಯಿಯ ಐಐಟಿಯಂಥ ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟುವುದು ಹೆಚ್ಚಾಗಿ ಹಾರುವ ವಿಮಾನ. ಉಪನಗರದ ಫ್ಲ್ಯಾಟುಗಳಲ್ಲಿ ಪ್ಲಾಸ್ಟಿಕ್ ಕಿಟ್ ಜೋಡಿಸುವವರದು ಕಪಾಟಿನಲ್ಲಿ ನಿಲ್ಲುವ ವಿಮಾನ. ಎರಡಕ್ಕೂ ಒಂದೇ ಸೂತ್ರ: ಕೊನೆಯಲ್ಲಿ ಬಳಿಯುವ ಪಾರದರ್ಶಕ ಲೇಪವನ್ನು, ಅಂದರೆ ಕ್ಲಿಯರ್ ಕೋಟನ್ನು, ಮೊದಲು ಆರಿಸಬೇಕು, ಬಣ್ಣವನ್ನು ಆಮೇಲೆ.

ಹಾರುವ ವಿಮಾನಕ್ಕೆ ಬಣ್ಣವೂ ಒಂದು ಹೊರೆ. ಬಾಲದಲ್ಲಿ ಒಂದು ಗ್ರಾಂ ಹೆಚ್ಚಾದರೆ, ಸಮತೋಲಕ್ಕಾಗಿ ಮೂತಿಯಲ್ಲಿ ಎರಡು ಮೂರು ಗ್ರಾಂ ಸೀಸ ತುಂಬಬೇಕಾದೀತು. ಇನ್ನು ಗ್ಲೋ ಎಂಜಿನ್ ಇದ್ದರೆ ಅದರ ಇಂಧನದ ಕಾಟ. ಮೆಥನಾಲ್, ಹರಳೆಣ್ಣೆ, ನೈಟ್ರೋಮೀಥೇನ್ ಬೆರೆತ ಈ ದ್ರವ ಸಾಮಾನ್ಯ ಡೋಪನ್ನೂ ಎನಾಮೆಲನ್ನೂ ಮೆತ್ತಗಾಗಿಸಿ ಕಿತ್ತುಹಾಕುತ್ತದೆ. ಇದನ್ನು ತಡೆಯಬಲ್ಲದ್ದು ಹಾರ್ಡ್‌ನರ್ ಬೆರೆಸಿ ಬಳಸುವ ಪಾಲಿಯುರಿಥೇನ್ ಕ್ಲಿಯರ್. ಕಾರಿನ ಬಣ್ಣ ಮಾರುವವರಲ್ಲಿ ಸಿಗುತ್ತದೆ. ಅದರ ಹಾರ್ಡ್‌ನರ್‌ನಲ್ಲಿರುವ ಐಸೊಸೈನೇಟ್ ಶ್ವಾಸಕ್ಕೆ ಅಪಾಯಕಾರಿ. ಬಟ್ಟೆಯ ಮಾಸ್ಕ್ ಸಾಲದು. ಅದಕ್ಕೆಂದೇ ಇರುವ ರೆಸ್ಪಿರೇಟರ್ ಬೇಕು, ಜಾಗ ಬಯಲಾಗಿರಬೇಕು. ಬ್ಯಾಟರಿ ಮೋಟಾರಿನ ವಿಮಾನಕ್ಕೆ ಈ ಗೋಜಿಲ್ಲ, ನೀರಿನ ಆಧಾರದ ತೆಳು ವಾರ್ನಿಷ್ ಸಾಕು. ಮೈ ಥರ್ಮೋಕೋಲ್‌ನದಾಗಿದ್ದರೆ ಅದೊಂದೇ ದಾರಿ. ಸ್ಪ್ರೇ ಡಬ್ಬಿಯ ದ್ರಾವಕ ತಗುಲಿದರೆ ರೆಕ್ಕೆಯೇ ಕರಗಿಹೋಗುತ್ತದೆ.

ಕಪಾಟಿನ ವಿಮಾನದಲ್ಲಿ ಲೆಕ್ಕಕ್ಕೆ ಬರುವುದು ಬೆಳಕು. 1971ರಲ್ಲಿ ಏರ್ ಇಂಡಿಯಾಕ್ಕೆ ಬಂದ ಮೊದಲ ಜಂಬೋ ‘ಎಂಪರರ್ ಅಶೋಕ’ದ ಕಿಟಕಿಗಳಿಗೆ ಕೆಂಪು ಝರೋಕಾ ಬರೆದಿದ್ದರು. ಅದರ ಮಾದರಿಯ ಬಿಳಿ ಮೈಗೆ ಪೂರ್ತಿ ಹೊಳಪು ಬೇಕು, ಕಾಲಕ್ರಮೇಣ ಹಳದಿಯಾಗದ ಅಕ್ರಿಲಿಕ್ ಕ್ಲಿಯರ್ ಬೇಕು. ವಿಕ್ರಾಂತ್ ನೌಕೆಯಿಂದ ಹಾರುತ್ತಿದ್ದ ಯುದ್ಧವಿಮಾನ ಸೀ ಹಾಕ್‌ಗೆ ಅರೆಹೊಳಪು ಒಪ್ಪುತ್ತದೆ. 1961ರಲ್ಲಿ ಬೆಂಗಳೂರಿನ ಎಚ್‌ಎಎಲ್‌ನಿಂದ ಮೊದಲ ಸಲ ಹಾರಿದ ಯುದ್ಧವಿಮಾನ ಮಾರುತ್‌ಗೆ ಕ್ಯಾಮೊಫ್ಲಾಜ್ ಬಣ್ಣ ಹಚ್ಚಿದರೆ ಮ್ಯಾಟ್ ವಾರ್ನಿಷೇ ಚೆಂದ. ಆದರೆ ಮ್ಯಾಟ್ ವಿಮಾನಕ್ಕೂ ನಡುವೆ ಒಮ್ಮೆ ಹೊಳಪಿನ ಕೋಟು ತಪ್ಪದು. ಒರಟು ಮೈಯ ಮೇಲೆ ಚಿಹ್ನೆ, ಅಕ್ಷರಗಳ ತೆಳು ಪದರವಾದ ಡಿಕಾಲ್ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ. ಮೊದಲು ಹೊಳಪಿನ ಕೋಟು, ಮೇಲೆ ಡಿಕಾಲ್, ಕೊನೆಗೆ ಮ್ಯಾಟ್ ಎಂಬುದು ಅನುಭವಿಗಳ ಕ್ರಮ.

ಬಣ್ಣ ಬಣ್ಣಕ್ಕೂ ಹೊಂದಾಣಿಕೆ ಬೇಕು. ಎನಾಮೆಲ್ ಗಾಳಿಯ ಆಮ್ಲಜನಕದೊಡನೆ ಬೆರೆತು ನಿಧಾನವಾಗಿ ಗಟ್ಟಿಯಾಗುತ್ತದೆ. ಲ್ಯಾಕರ್ ದ್ರಾವಕ ಆರಿದೊಡನೆ ಒಣಗುತ್ತದೆ. ಎನಾಮೆಲ್ ಮೇಲೆ ಲ್ಯಾಕರ್ ಹೊಡೆದರೆ ಕೆಳಗಿನ ಪದರ ಉಬ್ಬಿ ಸುಕ್ಕಾಗುವ ಭಯವಿದೆ. ಚೆನ್ನಾಗಿ ಒಣಗಿದ ಲ್ಯಾಕರ್ ಮೇಲೆ ಎನಾಮೆಲ್ ಬಳಿದರೆ ತೊಂದರೆಯಿಲ್ಲ.

ಹಂಬ್ರೋಲ್, ತಮಿಯಾದಂಥ ವಿದೇಶಿ ಬಣ್ಣ ದುಬಾರಿ. ಬೆಂಕಿ ಹತ್ತುವ ಸರಕಾದ್ದರಿಂದ ಎನಾಮೆಲನ್ನೂ ಸ್ಪ್ರೇಯನ್ನೂ ವಿಮಾನದಲ್ಲಿ ತರಿಸುವುದೂ ಕಷ್ಟ. ಆದರೆ ಬಣ್ಣದ ಉದ್ಯಮಕ್ಕೆ ಮುಂಬೈಯೂ ಒಂದು ತವರು: 1931ರ ಕ್ಯಾಮ್ಲಿನ್, 1942ರ ಏಷ್ಯನ್ ಪೇಂಟ್ಸ್, ಫೆವಿಕ್ರಿಲ್ ತಯಾರಿಸುವ ಪಿಡಿಲೈಟ್ ಎಲ್ಲ ಇಲ್ಲಿಯವೇ. ಕರಕುಶಲಕ್ಕೆಂದು ಮಾರುವ ಅಕ್ರಿಲಿಕ್ ಈ ಕೆಲಸಕ್ಕೆ ಮಂದ. ತೆಳುವಾಗಿಸಿ, ಸೋಸಿ, ಎರಡು ಮೂರು ಪದರಗಳಲ್ಲಿ ಬಳಿದರೆ ದೊಡ್ಡ ಮಾದರಿಗೆ ಸಾಕಾಗುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಕೆಡಿಸಬಲ್ಲದ್ದು ಮುಂಬೈಯ ಹವೆ. ಲ್ಯಾಕರ್, ಡೋಪ್‌ಗಳ ದ್ರಾವಕ ಆರುವಾಗ ಮೈ ತಣ್ಣಗಾಗುತ್ತದೆ. ಮಳೆಗಾಲದ ತೇವದ ಗಾಳಿ ಅದರ ಮೇಲೆ ಹನಿಗಟ್ಟಿ ಲೇಪವನ್ನು ಹಾಲುಬಿಳುಪಾಗಿಸುತ್ತದೆ. ಇದಕ್ಕೆ ‘ಬ್ಲಶಿಂಗ್’ ಎನ್ನುತ್ತಾರೆ. ನಿಧಾನವಾಗಿ ಆರುವ ರಿಟಾರ್ಡರ್ ತಿನ್ನರ್ ಬೆರೆಸಿ, ಒಣ ದಿನ ನೋಡಿ ಮತ್ತೊಂದು ತೆಳು ಕೋಟು ಕೊಟ್ಟರೆ ಎಷ್ಟೋ ಸಲ ಬಿಳುಪು ಹೋಗುತ್ತದೆ. ಮ್ಯಾಟ್ ಸ್ಪ್ರೇಗೆ ಮಂಜು ಕವಿದರೆ ಸರಿಪಡಿಸುವುದು ಇನ್ನೂ ಕಷ್ಟ.

ಆದ್ದರಿಂದ ಹೊಸಬರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕತ್ತರಿಸಿ, ಅಂಟಿಸಿ, ಉಪ್ಪು ಕಾಗದ ಉಜ್ಜುವ ಕೆಲಸ ಮುಗಿಸಿಕೊಳ್ಳಲಿ. ಬಣ್ಣದ ಡಬ್ಬಿ ತೆರೆಯಲು ನವೆಂಬರ್ ಬರಲಿ. ಆಗಲೂ ಮೊದಲು ಪ್ರೈಮರ್, ಬಣ್ಣ, ಕ್ಲಿಯರ್ ಮೂರನ್ನೂ ಒಂದು ಪ್ಲಾಸ್ಟಿಕ್ ಚಮಚದ ಬೆನ್ನಿಗೆ ಬಳಿದು ನೋಡಿ. ಸುಕ್ಕಾದರೆ ಹಾಳಾಗುವುದು ಒಂದು ಚಮಚ, ತಿಂಗಳುಗಟ್ಟಲೆ ಕಟ್ಟಿದ ವಿಮಾನವಲ್ಲ.